ಇಂದಿನ ಧಮ್ಮ ಚಿಂತನೆ: ಕುಡಿತ ಬಿಟ್ಟ ಮೇಲೆ ಸಿಗುವ ‘ನಾನು’ ಯಾರು?





ಪಂಚಶೀಲವನ್ನು ನಾವು ಪ್ರತಿ ಭಾನುವಾರ ಕೈಮುಗಿದು ಒಟ್ಟಿಗೆ ಹೇಳುತ್ತೇವೆ. ಮೊದಲ ನಾಲ್ಕು ಶೀಲಗಳಿಗೆ ಇರುವ ದನಿ ಐದನೆಯದಕ್ಕೆ ಬಂದಾಗ ಸ್ವಲ್ಪ ತಗ್ಗುತ್ತದೆ. ಕೆಲವರು ನೆಲ ನೋಡುತ್ತಾರೆ. ಇನ್ನು ಕೆಲವರು ಓರೆಗಣ್ಣಿನಲ್ಲಿ ಪಕ್ಕದವರನ್ನು ನೋಡುತ್ತಾರೆ. ಹೀಗೆ ಪಕ್ಕದವರನ್ನು ನೋಡುವವರು ಭಗವಾನ್ ಬುದ್ಧರ ಕಾಲದಲ್ಲೂ ಇದ್ದರು. ಇಂದಿನ ಚಿಂತನೆಯನ್ನು ಅವರಿಂದಲೇ ಶುರು ಮಾಡೋಣ.

ಸಂಯುತ್ತ ನಿಕಾಯದ ಸೋತಾಪತ್ತಿ ಸಂಯುತ್ತದಲ್ಲಿ ಸರಕಾನಿ ಎಂಬ ಶಾಕ್ಯನ ಬಗ್ಗೆ ಎರಡು ಸುತ್ತಗಳಿವೆ. ಅಂಗುಲಿಮಾಲನ ಕಥೆ, ಆಮ್ರಪಾಲಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಸರಕಾನಿಯ ಕಥೆಯನ್ನು ಹೇಳುವವರು ಕಡಿಮೆ. ಅವನು ಕಪಿಲವಸ್ತುವಿನವನು, ಬುದ್ಧರ ಕುಲದವನೇ. ಅವನು ತೀರಿಕೊಂಡ ಮೇಲೆ ಬುದ್ಧರು ಅವನನ್ನು ಸೋತಾಪನ್ನ ಎಂದು ಘೋಷಿಸಿದರು. ಸೋತಾಪನ್ನ ಎಂದರೆ ಹೊಳೆಗೆ ಇಳಿದವನು; ಇನ್ನು ಹಿಂದಕ್ಕೆ ಬೀಳದವನು, ಅರಿವಿನ ದಡ ಮುಟ್ಟುವುದು ಖಚಿತವಾದವನು. ದೊಡ್ಡ ಮಾತು ಅದು. ದಿನಾ ಉಪೋಸಥ ಮಾಡಿದವರಿಗೂ ಸುಲಭಕ್ಕೆ ಸಿಗುವ ಮಾತಲ್ಲ.

ಶಾಕ್ಯರಿಗೆ ಇದು ತಡೆಯಲಾಗಲಿಲ್ಲ. ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಗೊಣಗಾಟ ಶುರುವಾಯಿತು. ಸರಕಾನಿಯೇ ಸೋತಾಪನ್ನ ಆಗುವುದಾದರೆ ಇನ್ನು ಆಗದವರು ಯಾರು? ಶಿಕ್ಷಣದಲ್ಲಿ ಅವನು ದುರ್ಬಲ. ಅವನು ಕುಡಿಯುತ್ತಿದ್ದವನು. ಮಹಾನಾಮ ಎಂಬ ಶಾಕ್ಯ ಈ ಗೊಣಗಾಟವನ್ನು ಹಾಗೆಯೇ ಎತ್ತಿಕೊಂಡು ಹೋಗಿ ಬುದ್ಧರ ಮುಂದೆ ಇಟ್ಟ.

ಈ ಹಂತದಲ್ಲಿ ಬುದ್ಧರು ಏನು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸರಕಾನಿ ಕುಡಿದೇ ಇರಲಿಲ್ಲ, ಜನ ಸುಳ್ಳು ಹೇಳುತ್ತಿದ್ದಾರೆ ಎನ್ನಲಿಲ್ಲ. ಕುಡಿತ ದೊಡ್ಡ ವಿಷಯವಲ್ಲ ಎಂದೂ ಹೇಳಲಿಲ್ಲ. ಹೊರಗೆ ಕುಡುಕನಾಗಿ ಕಂಡರೂ ಅವನ ಒಳಗಿನ ಆತ್ಮ ಪರಿಶುದ್ಧವಾಗಿತ್ತು ಎಂದಂತೂ ಹೇಳಲೇ ಇಲ್ಲ. ಬಹಳ ಕಾಲದಿಂದ ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋದವನು ಅಧೋಗತಿಗೆ ಹೇಗೆ ಹೋಗುತ್ತಾನೆ ಎಂದು ಕೇಳಿದರು. ಪೂರ್ತಿ ಅರಿವು ಪಡೆದವರಿಂದ ಹಿಡಿದು, ಬರೀ ಒಂದಿಷ್ಟು ನಂಬಿಕೆ, ಒಂದಿಷ್ಟು ಪ್ರೀತಿ ಇರುವವರವರೆಗೆ ಬೇರೆ ಬೇರೆ ಬಗೆಯ ಮನುಷ್ಯರನ್ನು ಒಬ್ಬೊಬ್ಬರಾಗಿ ವಿವರಿಸಿದರು. ಎದುರಿಗಿದ್ದ ದೊಡ್ಡ ಸಾಲವೃಕ್ಷಗಳನ್ನು ತೋರಿಸಿ, ಒಳ್ಳೆಯ ಮಾತು ಕೆಟ್ಟ ಮಾತುಗಳ ಭೇದ ಈ ಮರಗಳಿಗೆ ತಿಳಿಯುವಂತಿದ್ದರೆ ಇವನ್ನೂ ಸೋತಾಪನ್ನ ಎಂದೇ ಘೋಷಿಸುತ್ತಿದ್ದೆ, ಇನ್ನು ಸರಕಾನಿಯ ಮಾತೇನು ಎಂದರು. ಕೊನೆಗೆ, ಅವನು ಸಾಯುವ ಹೊತ್ತಿಗೆ ಶಿಕ್ಷಣವನ್ನು ಕೈಗೆತ್ತಿಕೊಂಡಿದ್ದ ಎಂದು ತಿಳಿಸಿದರು.

ಕನ್ನಡ ಮೇಷ್ಟ್ರಾದ ನನಗೆ ಇಲ್ಲಿ ಒಂದು ಪದ ಕಣ್ಣಿಗೆ ಬೀಳುತ್ತದೆ. ಪಾಲಿಯಲ್ಲಿ ಆ ಕೊನೆಯ ಮಾತಿಗೆ ಬಳಸಿರುವ ಕ್ರಿಯಾಪದವೂ ನಾವು ಪಂಚಶೀಲ ಹೇಳುವಾಗ ಬಳಸುವ ‘ಸಮಾದಿಯಾಮಿ’ಯೂ ಒಂದೇ. ‘ಸಿಕ್ಖಾಪದ’ ಎಂದರೆ ಕಲಿಕೆಯ ಹೆಜ್ಜೆ. ‘ಸಮಾದಿಯಾಮಿ’ ಎಂದರೆ ಕೈಗೆತ್ತಿಕೊಳ್ಳುತ್ತೇನೆ. ಒಂದು ಸಲ ಮುರಿದರೆ ಅಲ್ಲಿಗೆ ಮುಗಿಯಿತು ಎನ್ನುವಂಥ ಆಣೆ ಪ್ರಮಾಣದ ಮಾತು ಇದಲ್ಲ. ಕೈಯಿಂದ ಬಿದ್ದದ್ದನ್ನು ಮತ್ತೆ ಎತ್ತಿಕೊಳ್ಳುವವನ ಮಾತು. ಹಾಗಿರುವುದರಿಂದಲೇ ವಾರ ವಾರವೂ ಹೇಳುತ್ತೇವೆ. ಒಮ್ಮೆ ಹೇಳಿದರೆ ಸಾಕಿದ್ದಿದ್ದರೆ ದೀಕ್ಷೆಯ ದಿನ ಒಂದು ಸಲ ಹೇಳಿ ಸುಮ್ಮನಾಗಬಹುದಿತ್ತು.

ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ನಮ್ಮ ಬಳಗದ ಒಬ್ಬರು ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಹೆಸರು ಬೇಡ, ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೋದ ತಿಂಗಳು ವಂದನೆ ಮುಗಿದು ಎಲ್ಲರೂ ಹೊರಟ ಮೇಲೆ ಜಮಖಾನ ಮಡಿಸುತ್ತಾ ಅವರು ಹೇಳಿದ್ದು ಇಷ್ಟು:

“ಕುಡ್ಯದ್ ಬುಟ್ರೆ ನಿಜವಾದ ನೀನು ನಿಂಗೇ ಸಿಕ್ತೀಯ ಅಂದಿದ್ರು ಮೇಷ್ಟ್ರೇ. ಬುಟ್ಟೆ. ಎಂಟ್ ತಿಂಗ್ಳಿಂದ ಕಾಯ್ತಾ ಅವ್ನಿ. ಒಳಗ್ ನೋಡುದ್ರೆ ಯಾರೂ ಇಲ್ಲ. ಬರೀ ಬಿಕೋ ಅಂತದೆ. ಕುಡೀತಿದ್ದಾಗ್ಲೇ ಯಾರೋ ಒಬ್ಬ ಇದ್ದ ಅನ್ನುಸ್ತದೆ.”

ಈ ಮಾತು ಕೇಳಿ ಭಯಪಡಬೇಕಾಗಿಲ್ಲ. ಆದರೆ ಹಗುರವಾಗಿಯೂ ತೆಗೆದುಕೊಳ್ಳಬಾರದು. ಬಿಟ್ಟವರು ಮತ್ತೆ ಅಂಗಡಿಯ ಕಡೆ ಹೆಜ್ಜೆ ಹಾಕುವುದು ಬಹಳ ಸಲ ಇಂಥ ಸಂಜೆಯಲ್ಲೇ. ಹಬ್ಬ, ಜಗಳ, ಸ್ನೇಹಿತರ ಒತ್ತಾಯ ಎಲ್ಲವನ್ನೂ ಗೆದ್ದವರು ಈ ‘ಬಿಕೋ’ ಎನ್ನುವುದರ ಮುಂದೆ ಸೋಲುತ್ತಾರೆ. ಒಳಗೆ ಯಾರೋ ಕಾಯುತ್ತಿದ್ದಾನೆ ಎಂದು ಯಾರೋ ಹೇಳಿದ್ದರು. ಬಾಗಿಲು ತೆರೆದರೆ ಮನೆ ಖಾಲಿ.

ಮೊದಲು ದೇಹದ ಮಾತು ಮುಗಿಸುತ್ತೇನೆ, ಆಮೇಲೆ ಧಮ್ಮದ ಮಾತು. ವರ್ಷಗಟ್ಟಲೆ ಕುಡಿದ ಮಿದುಳಿಗೆ ಸುಖ ಎಂದರೆ ಮದ್ಯವೇ ಎಂದು ರೂಢಿಯಾಗಿರುತ್ತದೆ. ಬಿಸಿ ಮುದ್ದೆ ಉಪ್ಸಾರು, ಮಗುವಿನ ನಗು, ತಂಪು ಗಾಳಿ ಇವುಗಳಿಂದ ಬರುವ ಸಣ್ಣ ಸುಖಗಳನ್ನು ಅದು ಮತ್ತೆ ಗುರುತಿಸಲು ಕಲಿಯಬೇಕು. ಅದಕ್ಕೆ ವಾರಗಳು ಸಾಲುವುದಿಲ್ಲ, ತಿಂಗಳುಗಳೇ ಬೇಕು. ನಿದ್ದೆ ಸರಿಹೋಗುವುದೂ ನಿಧಾನ. ಹೀಗಾಗಿ ಆ ಖಾಲಿತನದ ಒಂದು ಪಾಲು ವಾಸಿಯಾಗುತ್ತಿರುವ ಗಾಯ. ಬಹಳ ದಿನ ಬಿಡದಿದ್ದರೆ, ಸಾಯುವ ಯೋಚನೆ ಬಂದರೆ, ಅದು ಖಿನ್ನತೆಯ ಕಾಯಿಲೆ ಇರಬಹುದು. ಡಾಕ್ಟರ ಹತ್ತಿರವೇ ಹೋಗಬೇಕು. ಧ್ಯಾನ ಮಾಡು ಸರಿಹೋಗುತ್ತದೆ ಎಂದು ನಾವು ಕೂರಿಸಬಾರದು.

ಇನ್ನೂ ಬಿಡದವರ ಮನೆಯವರಿಗೆ ಒಂದು ಎಚ್ಚರಿಕೆ. ಬೆಳಗ್ಗೆ ಎದ್ದೊಡನೆ ಕೈ ನಡುಗಿ, ಒಂದು ಗುಟುಕು ಕುಡಿದ ಮೇಲೆ ನಿಲ್ಲುವ ಹಂತ ತಲುಪಿದವರು ಮನೆಯಲ್ಲಿ ಕೂತು ಏಕಾಏಕಿ ನಿಲ್ಲಿಸುವುದು ಅಪಾಯ. ಕೊನೆಯ ಗುಟುಕಾದ ಕೆಲವು ಗಂಟೆಗಳಲ್ಲೇ ನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣಿಸುವುದು, ದಿಕ್ಕುತಪ್ಪಿ ಮಾತಾಡುವುದು ಆಗಬಹುದು. ಆ ಸ್ಥಿತಿಯಲ್ಲಿ ಜೀವವೇ ಹೋಗಬಹುದು. ನಮ್ಮ ಕಡೆ ಇದನ್ನು ಗಾಳಿ ಮೆಟ್ಟಿಕೊಂಡಿದೆ ಎಂದು ತಾಯತ ಕಟ್ಟಿಸಲು ಕರೆದುಕೊಂಡು ಹೋಗುವವರು ಇಂದಿಗೂ ಇದ್ದಾರೆ. ಇಪ್ಪತ್ತೆರಡು ಪ್ರತಿಜ್ಞೆ ತೆಗೆದುಕೊಂಡ ಮನೆಗಳಿಂದಲೂ ಹೋಗುತ್ತಾರೆ ಎಂದು ಬೇಸರದಿಂದಲೇ ಬರೆಯುತ್ತಿದ್ದೇನೆ. ಬೆಳ್ಳೂರಿನ ಹತ್ತಿರ ಬಿ.ಜಿ. ನಗರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಗೆ 14446, ಮಾನಸಿಕ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಸರ್ಕಾರದ ಉಚಿತ ಸಹಾಯವಾಣಿಗಳು. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಬಿಡಬೇಕೆಂದರೂ ಬಿಡಲಾಗದ ಅವಲಂಬನೆಯ ಹಂತಕ್ಕೆ ಹೋದವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನಕ್ಕೆ ಸಿಕ್ಕಿರುವುದು ಬೈಗುಳ.

ಈಗ ಆ ‘ನಿಜವಾದ ನಾನು’ ಎನ್ನುವುದಕ್ಕೆ ಬರೋಣ.

ಕುಡಿತದಲ್ಲಿ ಇರುವವರಿಗೆ ಲೋಕ ಎರಡು ಕಥೆ ಹೇಳುತ್ತದೆ. ಒಂದು ಬೀದಿ ಹೇಳುವ ಕಥೆ: ಇವನು ಕುಡುಕ, ಅವನ ಬುದ್ಧಿಯೇ ಅಷ್ಟು, ನಾಯಿ ಬಾಲ ಡೊಂಕು. ಇನ್ನೊಂದು ಹಿತವಾಗಿ ಬೋಧನೆ ಮಾಡುವವರು ಹೇಳುವ ಕಥೆ: ನೀನು ನಿಜಕ್ಕೂ ಶುದ್ಧ, ನಿನ್ನೊಳಗಿನ ಆತ್ಮಕ್ಕೆ ಕೊಳೆ ಅಂಟಿದೆ, ಕುಡಿತ ಎಂಬ ಕೊಳೆ ತೊಳೆದರೆ ನಿಜವಾದ ನೀನು ಹೊಳೆಯುತ್ತೀಯ. ಮೊದಲನೆಯದು ಕ್ರೂರ. ಎರಡನೆಯದು ಕೇಳಲು ಇಂಪು. ಆದರೆ ನಾವು ಬೌದ್ಧರು ಎರಡನ್ನೂ ಒಪ್ಪಲಾಗದು.

ಮೊದಲನೆಯದನ್ನು ಏಕೆ ಒಪ್ಪಬಾರದು ಎಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಹುಟ್ಟಿದ ಗಳಿಗೆಯಲ್ಲೇ ಹಣೆಗೆ ಒಂದು ಹೆಸರು ಅಂಟಿಸಿ, ನೀನು ಅದೇ, ಸಾಯುವವರೆಗೂ ಅದೇ ಎಂದು ಹೇಳಿಸಿಕೊಂಡ ಜನ ನಾವು. ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ, ಹುಟ್ಟು ನನ್ನ ಕೈಯಲ್ಲಿರಲಿಲ್ಲ, ಸಾವು ಹೇಗಿರಬೇಕೆಂಬುದು ನನ್ನ ಕೈಯಲ್ಲಿದೆ ಎಂಬ ಅರ್ಥದಲ್ಲಿ ಘೋಷಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅದನ್ನು ನಡೆಸಿ ತೋರಿಸಿದರು. ಮದ್ಯ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಇರುವ ಅದೇ ಪಟ್ಟಿಯಲ್ಲಿ, ಇಂದು ನನಗೆ ಹೊಸ ಹುಟ್ಟು ಆಗಿದೆ ಎಂದು ನಂಬುವ ಪ್ರತಿಜ್ಞೆಯೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು. ಅಂಟಿಸಿದ ಹೆಸರು ಮನುಷ್ಯನ ಸ್ವಭಾವವಲ್ಲ ಎಂಬುದರ ಮೇಲೆಯೇ ನಮ್ಮ ದೀಕ್ಷೆ ನಿಂತಿದೆ. ಇಷ್ಟೆಲ್ಲ ಆದ ಮೇಲೆ, ನಮ್ಮದೇ ಕೇರಿಯಲ್ಲಿ ನಮ್ಮವನೊಬ್ಬನ ಹೆಸರಿನ ಹಿಂದೆ ‘ಕುಡುಕ’ ಸೇರಿಸಿ ಕರೆಯುವುದು, ಅವನು ಬಿಟ್ಟ ಮೇಲೂ ಕರೆಯುವುದು, ಅವನ ಮಕ್ಕಳನ್ನು ‘ಕುಡುಕನ ಮಗ’ ಎಂದು ಶಾಲೆಯ ಜಗಲಿಯಲ್ಲಿ ಕರೆಯುವುದು! ಇದು ಎಲ್ಲಿಂದ ಕಲಿತ ಚಾಳಿ ಎಂದು ಬೇರೆ ಹೇಳಬೇಕೆ?

ಇನ್ನೊಂದು ಮಾತು. ಈ ಹೆಸರು ಎಲ್ಲರಿಗೂ ಸಮನಾಗಿ ಅಂಟುವುದಿಲ್ಲ. ಹೆದ್ದಾರಿ ಪಕ್ಕದ ಬಾರಿನ ಮುಂದೆ ಕಾರು ನಿಲ್ಲಿಸಿ ಎ.ಸಿ. ರೂಮಿನಲ್ಲಿ ಕುಡಿಯುವವನದು ‘ಪಾರ್ಟಿ’. ಗಾರೆ ಕೆಲಸ ಮುಗಿಸಿ ಗೂಡಂಗಡಿಯ ಹಿಂದೆ ನಿಂತು ಟೆಟ್ರಾ ಪ್ಯಾಕ್ ಹರಿಯುವವನು ‘ಕುಡುಕ’. ಅವನು ನಮ್ಮ ಕೇರಿಯವನಾದರಂತೂ ಇಡೀ ಕೇರಿಯೇ ಕುಡುಕರ ಕೇರಿ.

ಕನ್ನಡದಲ್ಲಿ ಕುಡುಕ ಎಂದೊಡನೆ ನೆನಪಾಗುವುದು ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ. ಮೈಸೂರು ಅನಂತಸ್ವಾಮಿ ಅವರ ಕಂಠದಲ್ಲಿ ಆ ಹಾಡು ಕೇಳದ ಮನೆ ನಮ್ಮ ಸೀಮೆಯಲ್ಲಿ ಇಲ್ಲ. ಅದೇ ರಾಜರತ್ನಂ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದವರು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ರತ್ನನನ್ನು ಅವರು ಬರೀ ಕುಡುಕನಾಗಿ ಬಿಡಲಿಲ್ಲ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇದೆ, ಕನ್ನಡದ ಮೇಲೆ ಅಭಿಮಾನ ಇದೆ, ಮಾತಿನಲ್ಲಿ ಬೆಳಕಿದೆ. ಆ ಮಟ್ಟಿಗೆ ಆ ಪದಗಳು ದೊಡ್ಡವು. ಆದರೆ ತರಗತಿಯಲ್ಲಿ ಪಾಠ ಮಾಡುವಾಗ ನನಗೆ ಪ್ರತಿ ಸಲವೂ ಅನ್ನಿಸುವುದು: ನಾವು ರತ್ನನ ಜೊತೆ ನಗುತ್ತೇವೆ, ಪುಟ್ನಂಜಿಯ ಮನೆಯಲ್ಲಿ ಆ ರಾತ್ರಿ ಹಿಟ್ಟಿತ್ತೇ ಎಂದು ಯಾರೂ ಕೇಳುವುದಿಲ್ಲ.

ಪುಟ್ನಂಜಿಯ ಕಡೆಯಿಂದ ನೋಡಿದಾಗಲೇ ಎರಡನೆಯ ಕಥೆಯ ಹುಳುಕು ಕಾಣುವುದು. ‘ನಿಜವಾದ ನಾನು ಶುದ್ಧ, ಕುಡಿತ ಮಾಡಿಸಿತು’ ಎನ್ನುವುದಾದರೆ, ಹೆಂಡತಿಯ ಕಾಲುಚೈನು ಅಡ ಇಟ್ಟವರು ಯಾರು? ಸ್ತ್ರೀಶಕ್ತಿ ಸಂಘದ ಸಾಲದ ಕಂತಿನ ದುಡ್ಡನ್ನು ಡಬ್ಬಿಯಿಂದ ತೆಗೆದವರು ಯಾರು? ಮಗಳ ಮುಂದೆ ಅವಳ ತಾಯಿಗೆ ಹೊಡೆದ ಕೈ ಯಾರದು? ‘ಅದು ನಾನಲ್ಲ, ಎಣ್ಣೆ’ ಎಂಬ ಮಾತನ್ನು ಮರುದಿನ ಬೆಳಗ್ಗೆ ಕೇಳಿ ಕೇಳಿ ಸಾಕಾದ ಹೆಣ್ಣುಮಕ್ಕಳು ಈ ಗುಂಪಿನಲ್ಲೇ ಇದ್ದಾರೆ. ಕೊಳೆ ಅಂಟದ ಆತ್ಮ ಒಂದಿದೆ ಎಂದು ನಂಬಿಸಿದರೆ, ಮಾಡಿದ್ದನ್ನೆಲ್ಲ ಬಾಟಲಿಯ ಲೆಕ್ಕಕ್ಕೆ ಬರೆದು ತಾನು ಪಕ್ಕಕ್ಕೆ ಸರಿಯಲು ದಾರಿಯಾಗುತ್ತದೆ. ಪ್ರತಿಯೊಬ್ಬನೂ ತನ್ನ ಕಮ್ಮದ ವಾರಸುದಾರ ಎಂದು ಬುದ್ಧರು ಹೇಳಿದ್ದು. ವಾರಸುದಾರನಿಗೆ ಆಸ್ತಿಯೂ ಬರುತ್ತದೆ, ಸಾಲವೂ ಬರುತ್ತದೆ.

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಆತ್ಮದ ಮೇಲಿನ ನಂಬಿಕೆಯನ್ನು ಧಮ್ಮವಲ್ಲ ಎಂದು ಎಣಿಸಿದ್ದು ಒಣ ತರ್ಕದ ಚಟಕ್ಕಲ್ಲ. ಆತ್ಮದ ಉದ್ಧಾರ ನೋಡುತ್ತಾ ಕೂತವನು ಎದುರಿಗಿರುವ ಮನುಷ್ಯನನ್ನು ನೋಡುವುದನ್ನು ಮರೆಯುತ್ತಾನೆ. ನಮ್ಮ ಧಮ್ಮದ ಕೇಂದ್ರದಲ್ಲಿ ಇರುವುದು ಮನುಷ್ಯನಿಗೂ ಮನುಷ್ಯನಿಗೂ ನಡುವಿನ ಸಂಬಂಧ.

ಹಾಗಾದರೆ ಒಳಗೆ ಏನಿದೆ? ಬುದ್ಧರು ಕೊಟ್ಟ ಒಂದು ಹೋಲಿಕೆ ನಮ್ಮ ಮಂಡ್ಯ ಸೀಮೆಯವರಿಗೆ ಹೇಳಿ ಮಾಡಿಸಿದಂತಿದೆ. ಒಬ್ಬ ಗಟ್ಟಿ ಮರದ ತಿರುಳು ಬೇಕೆಂದು ಕೊಡಲಿ ಹಿಡಿದು ಕಾಡಿಗೆ ಹೋಗುತ್ತಾನೆ. ನೆಟ್ಟಗೆ ಬೆಳೆದ ಬಾಳೆ ಗಿಡ ಕಾಣುತ್ತದೆ. ಬುಡ ಕಡಿಯುತ್ತಾನೆ, ತಲೆ ಕಡಿಯುತ್ತಾನೆ, ಪಟ್ಟೆ ಬಿಡಿಸುತ್ತಾ ಹೋಗುತ್ತಾನೆ. ತಿರುಳಿರಲಿ, ಅದರ ಸುತ್ತಲಿನ ಮೆದು ಮರವೂ ಸಿಗುವುದಿಲ್ಲ. ನಮ್ಮ ತೋಟದಲ್ಲಿ ಯಾರನ್ನು ಬೇಕಾದರೂ ಕೇಳಿ: ನಡುವೆ ಸಿಗುವ ದಿಂಡು ಪಲ್ಯಕ್ಕಾಗುತ್ತದೆ, ತೊಲೆಗಾಗುವುದಿಲ್ಲ. ಮನುಷ್ಯನನ್ನೂ ಹೀಗೆ ಬಿಡಿಸುತ್ತಾ ಹೋದರೆ ದೇಹ, ವೇದನೆ, ಗ್ರಹಿಕೆ, ಸಂಸ್ಕಾರ, ಅರಿವು ಇಷ್ಟೇ ಪಟ್ಟೆಗಳು. ‘ಇದೇ ನಾನು’ ಎಂದು ಹಿಡಿದು ತೋರಿಸುವ ಗಟ್ಟಿ ತಿರುಳು ಇಲ್ಲ.

ಇದನ್ನು ಕೇಳಿ ನಿರಾಶರಾಗುವವರು ಇದ್ದಾರೆ. ಬಾಳೆಗೆ ತಿರುಳಿಲ್ಲ, ಸರಿ. ಗೊನೆ ಬಿಡುವುದಕ್ಕೆ ಅದರಿಂದ ಏನೂ ಅಡ್ಡಿಯಾಗಿಲ್ಲ. ನಮ್ಮ ಆ ಬಂಧುವಿಗೆ ಅಂದು ನಾನು ಹೇಳಿದ್ದೂ ಇದನ್ನೇ. ಒಳಗೆ ಯಾರೂ ಸಿಗಲಿಲ್ಲ ಎಂದಿರಲ್ಲ, ನೀವು ಕಂಡದ್ದು ಸರಿಯಾಗಿಯೇ ಇದೆ. ಸಿಗಬೇಕಾಗಿದ್ದವನು ಅಲ್ಲಿ ಮೊದಲಿಂದಲೂ ಇರಲಿಲ್ಲ. ಕುಡುಕ ಎಂಬ ತಿರುಳೂ ಇರಲಿಲ್ಲ. ಇರುವುದು ಬೆಳಗ್ಗೆ ಆರಕ್ಕೆ ಏಳುವುದು, ಕೆಲಸಕ್ಕೆ ಹೋಗುವುದು, ಸಂಜೆ ಅಂಗಡಿ ಇರುವ ರಸ್ತೆ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಮನೆಗೆ ಬರುವುದು. ಎಂಟು ತಿಂಗಳಿಂದ ಅದು ನಡೆಯುತ್ತಿದೆ. ಕಾಯುವುದು ಬಿಡಿ, ಅದನ್ನು ನಡೆಸಿ.

ಅವರು, “ಅಷ್ಟೇನಾ ಮೇಷ್ಟ್ರೇ?” ಎಂದರು. ಸಮಾಧಾನವಾದಂತೆ ಕಾಣಲಿಲ್ಲ. ಆದರೆ ಮುಂದಿನ ಭಾನುವಾರ ಬಂದರು.

ಒಪ್ಪಿಕೊಳ್ಳುವುದು ಎಂಬ ಮಾತೂ ಇದೆಯಲ್ಲ, ಅದಕ್ಕೂ ಒಂದಿಷ್ಟು ಬಿಡಿಸಿ ಹೇಳಬೇಕು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡಿತದ ರೋಗಿಗಳು ಸೇರಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಇಂದು ನಮ್ಮ ದೇಶದಲ್ಲೂ ಇದೆ. ಅಲ್ಲಿ ಎದ್ದುನಿಂತವರು ಹೆಸರು ಹೇಳಿ, ನಾನು ಮದ್ಯವ್ಯಸನಿ ಎಂದು ಹೇಳಿಕೊಳ್ಳುವುದು ರೂಢಿ. ವರ್ಷಗಳ ಸುಳ್ಳನ್ನು ಒಡೆಯಲು ಆ ಮಾತಿಗೆ ಶಕ್ತಿ ಇದೆ. ಅದರಿಂದ ಎಷ್ಟೋ ಜನ ಬದುಕಿದ್ದಾರೆ. ಅಲ್ಲಿಗೆ ಹೋಗುವವರನ್ನು, ಮದ್ಯವರ್ಜನ ಶಿಬಿರಗಳಿಗೆ ಹೋಗುವವರನ್ನು, ಅಲ್ಲಿ ದೇವರ ಹೆಸರಿದೆ ಎಂಬ ಕಾರಣಕ್ಕೆ ನಾವು ತಡೆಯಬಾರದು. ಮುಳುಗುವವನಿಗೆ ಹಗ್ಗ ಯಾರ ಅಂಗಡಿಯದು ಎಂಬ ವಿಚಾರಣೆ ಬೇಡ. ಆದರೆ ನಮ್ಮಲ್ಲಿ ಅದೇ ಸತ್ಯವನ್ನು ಹೇಳುವ ಬೇರೆ ರೀತಿ ಇದೆ. ಸತಿಪಟ್ಠಾನದಲ್ಲಿ ಚಿತ್ತವನ್ನು ಗಮನಿಸುವ ಭಾಗ ನೆನಪಿಸಿಕೊಳ್ಳಿ. ಮನಸ್ಸಿನಲ್ಲಿ ರಾಗ ಎದ್ದಾಗ ರಾಗ ಇದೆ ಎಂದು ತಿಳಿಯುತ್ತಾನೆ, ಇಲ್ಲದಾಗ ಇಲ್ಲ ಎಂದು ತಿಳಿಯುತ್ತಾನೆ. ಅದೇ ರೀತಿಯಲ್ಲಿ, ಸಂಜೆ ಆರೂವರೆಗೆ ನಾಲಿಗೆ ಒಣಗಿ ಕಾಲು ತಾನಾಗಿ ತಿರುಗಿದಾಗ ‘ಹಂಬಲ ಬಂದಿದೆ’ ಎಂದು ತಿಳಿಯುವುದು. ‘ನಾನು ಹಾಳಾದವನು’ ಎಂದು ಅದಕ್ಕೆ ಸೇರಿಸಬೇಕಿಲ್ಲ. ‘ನನಗೆಲ್ಲ ಏನೂ ಆಗಲ್ಲ, ಬಿಟ್ಟಾಗಿದೆ’ ಎಂದು ಮುಚ್ಚಲೂ ಬೇಡ. ಹಂಬಲ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಬಹಳ ಸಲ ಅರ್ಧ ಗಂಟೆ ತಡೆದರೆ ಇಳಿದುಹೋಗುತ್ತದೆ. ಆ ಅರ್ಧ ಗಂಟೆಗೆ ಒಂದು ಫೋನ್ ನಂಬರು ಬೇಕು, ಹೊಟ್ಟೆಗೆ ಒಂದಿಷ್ಟು ಊಟ ಬೇಕು. ಹಸಿದ ಹೊಟ್ಟೆಯಲ್ಲಿ ಹಂಬಲ ಹೆಚ್ಚು.

ಅಂಗುಲಿಮಾಲನ ಕಥೆಯ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಅವನು ಭಿಕ್ಖುವಾದ, ಅರಹಂತನೂ ಆದ. ಆದರೂ ಭಿಕ್ಷೆಗೆ ಹೋದಾಗ ಯಾರೋ ಎಸೆದ ಮಣ್ಣಿನ ಹೆಂಟೆ, ಕೋಲು, ಕಲ್ಲು ಅವನಿಗೆ ತಗುಲಿದವು. ತಲೆ ಒಡೆದು ರಕ್ತ ಸುರಿಯುತ್ತಿತ್ತು, ಪಾತ್ರೆ ಮುರಿದಿತ್ತು, ಚೀವರ ಹರಿದಿತ್ತು. ಬುದ್ಧರು ಅವನಿಗೆ ಸಹಿಸು ಎಂದರು. ಹಳೆಯದೆಲ್ಲ ಅಳಿಸಿಹೋಯಿತು ಎಂದು ಹೇಳಲಿಲ್ಲ. ಕುಡಿತ ಬಿಟ್ಟವರ ಮನೆಯಲ್ಲೂ ಇದೇ ನಡೆಯುತ್ತದೆ. ಬಿಟ್ಟು ಆರು ತಿಂಗಳಾದರೂ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಬಾಯಿ ವಾಸನೆ ನೋಡುತ್ತಾಳೆ. ಮಗ ಕೂಲಿ ದುಡ್ಡನ್ನು ಅಪ್ಪನ ಕೈಗೆ ಕೊಡುವುದಿಲ್ಲ. ಅವರಿಗೆ ಆ ಹಕ್ಕಿದೆ. ಅವರ ಅನುಮಾನ ಅನುಭವದಿಂದ ಬಂದದ್ದು, ನಂಬಿಕೆಯನ್ನು ಅವರು ಅವರ ವೇಗದಲ್ಲೇ ಮರಳಿ ಕೊಡುತ್ತಾರೆ, ಅಥವಾ ಕೊಡದೆಯೂ ಇರಬಹುದು. ಬಿಟ್ಟುಹೋದ ಹೆಂಡತಿಗೆ ವಾಪಸ್ ಬಾ ಎಂದು ಬಳಗದ ಹಿರಿಯರು ಒತ್ತಾಯ ಮಾಡುವುದು ಬೇಡ ಎಂದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯವರ ಅನುಮಾನವೂ ಶಾಕ್ಯರ ಗೊಣಗಾಟವೂ ಒಂದೇ ಅಲ್ಲ. ಗೊಣಗಿದ ಶಾಕ್ಯರಿಗೆ ಸರಕಾನಿಯಿಂದ ಯಾವ ನಷ್ಟವೂ ಆಗಿರಲಿಲ್ಲ.

ಬಿಟ್ಟವರು ಮತ್ತೆ ಬೀಳಬಹುದು. ಐದನೆಯ ಶೀಲಕ್ಕೆ ಸಂಬಂಧಿಸಿ ಭಿಕ್ಖುಗಳಿಗೆ ನಿಯಮ ಬಂದದ್ದೇ ಹಾಗೆ ಬಿದ್ದ ಒಬ್ಬರಿಂದ. ಸಾಗತ ಎಂಬ ಥೇರರು ಭಯಂಕರ ನಾಗನೊಂದನ್ನು ಪಳಗಿಸಿದ್ದರು. ಕೋಸಂಬಿಯ ಜನ ಅಭಿಮಾನದಿಂದ ಮನೆಮನೆಯಲ್ಲೂ ಮದ್ಯ ಕೊಟ್ಟು ಕುಡಿಸಿದರು. ನಗರದ ಬಾಗಿಲಲ್ಲಿ ಸಾಗತರು ಬಿದ್ದರು. ಹೊತ್ತು ತಂದು ಮಲಗಿಸಿದರೆ ಬುದ್ಧರ ಕಡೆಗೇ ಕಾಲು ಚಾಚಿಕೊಂಡರು. ನಾಗನನ್ನು ಗೆದ್ದವನು ಈಗ ಒಂದು ನೀರುಹಾವನ್ನಾದರೂ ಎದುರಿಸಬಲ್ಲನೇ ಎಂದು ಬುದ್ಧರು ಕೇಳಿದರು, ಭಿಕ್ಖುಗಳು ಕುಡಿಯಬಾರದೆಂಬ ನಿಯಮ ಮಾಡಿದರು. ಸಾಗತರನ್ನು ಸಂಘದಿಂದ ಹೊರಹಾಕಲಿಲ್ಲ. ಅಂಗುತ್ತರ ನಿಕಾಯದಲ್ಲಿ ಅಗ್ರ ಶಿಷ್ಯರ ಪಟ್ಟಿ ಇದೆಯಲ್ಲ, ತೇಜೋಧಾತುವಿನಲ್ಲಿ ನಿಪುಣರಾದವರಲ್ಲಿ ಅಗ್ರ ಎಂದು ಅಲ್ಲಿ ಇರುವ ಹೆಸರು ಇದೇ ಸಾಗತರದು. ಪಟ್ಟಿಯಲ್ಲಿ ಅವರ ಹೆಸರಿನ ಹಿಂದೆ ಬೇರೆ ಯಾವ ಪದವೂ ಸೇರಿಲ್ಲ.

ಅಂದು ಸಾಗತರಿಗೆ ಕುಡಿಸಿದ್ದು ಅಭಿಮಾನಿಗಳು ಎಂಬುದನ್ನೂ ಮರೆಯಬಾರದು. ಹಂಬಲ ಒಳಗಿದೆ, ಆದರೆ ಲೋಟ ಹಿಡಿದು ನಿಂತವರು ಹೊರಗಿದ್ದಾರೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಅಬಕಾರಿಯಿಂದ ಸರ್ಕಾರಕ್ಕೆ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಆದಾಯ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ಪ್ರಯತ್ನಿಸುವುದು ರಾಜ್ಯದ ಕರ್ತವ್ಯ ಎನ್ನುತ್ತದೆ. 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಕಡೆಯ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದು ಇದನ್ನೇ ಕೇಳಿದರು. ಅವರಲ್ಲಿ ಹಲವರು ನಮ್ಮಂಥ ಕೇರಿಗಳವರು.

ಸರ್ಕಾರದ ಮಾತು ದೊಡ್ಡದು. ನಮ್ಮ ಕೈಯಲ್ಲಿರುವುದನ್ನು ಹೇಳಿ ಮುಗಿಸುತ್ತೇನೆ. ಬೀಗರ ಊಟದಲ್ಲಿ, ಊರಹಬ್ಬದ ಬಾಡೂಟದಲ್ಲಿ, ಚುನಾವಣೆ ಕಾಲದಲ್ಲಿ ಬಿಟ್ಟವರ ಹೆಗಲ ಮೇಲೆ ಕೈಹಾಕಿ ‘ಒಂದು ನೈಂಟಿಗೆ ಏನಾಗುತ್ತೆ’ ಎನ್ನುವ ಅಭಿಮಾನಿಗಳು ನಮ್ಮಲ್ಲೇ ಇದ್ದಾರೆ. ಏಪ್ರಿಲ್ 14ರ ಮೆರವಣಿಗೆ ಮುಗಿದ ಮೇಲೆ ಕೆಲವು ಕಡೆ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ, ಯಾರೂ ಬಾಯಿಬಿಡುವುದಿಲ್ಲ. ಈ ಸಲದ ಜಯಂತಿ ಲೆಕ್ಕದಲ್ಲಿ ಡಿ.ಜೆ.ಗೆ ಇಟ್ಟಿರುವ ಹಣದಲ್ಲಿ ಸ್ವಲ್ಪ ತೆಗೆದು, ಆಸ್ಪತ್ರೆಗೆ ಸೇರಲು ಒಪ್ಪಿದವರಿಗೆ ಬಸ್ ಚಾರ್ಜು ಮತ್ತು ಮನೆಯ ಒಂದು ವಾರದ ರೇಷನ್ನಿಗೆ ಎತ್ತಿಡಬೇಕು ಎಂದು ಭಾನುವಾರ ವಂದನೆಯ ನಂತರ ವಿಷಯ ಇಡುತ್ತಿದ್ದೇನೆ. ಸಂಜೆ ಆರೂವರೆಗೆ ಫೋನ್ ಬಂದರೆ ಎತ್ತುವವರು ನಾಲ್ಕು ಜನ ಬೇಕು. ಹೆಣ್ಣುಮಕ್ಕಳು ಇಬ್ಬರಾದರೂ ಇರಲಿ, ಮನೆಯಿಂದ ಫೋನ್ ಮಾಡುವವರು ಹೆಚ್ಚಾಗಿ ಅವರೇ. ಒಪ್ಪಿಗೆ ಇರುವವರು ಗುಂಪಿನಲ್ಲಿ ಹಾಕದೆ ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.